ತಡವಾದ ಪ್ರಾಜೆಕ್ಟಿಗೆ ಇನ್ನೂ ಎಂಟು ಜನ: ಓಎಸ್/360ರ ಕಥೆ

ವಿಡಿಯೋದಲ್ಲಿ ನಾನು ಕೊನೆಕೊನೆಗೆ ಓಡಿಬಿಟ್ಟೆ ಅಂತ ಹಲವರು ಬೈದಿದ್ದೀರಿ. ಸರಿಯಾದ ಬೈಗುಳವೇ. ಇಲ್ಲಿ ಸ್ವಲ್ಪ ನಿಧಾನವಾಗಿ ಬಿಡಿಸಿ ಬರೀತಿದೀನಿ.

ಮೊದಲು ನನ್ನದೇ ಒಂದು ಸಂಗತಿ. ಹತ್ತು ವರ್ಷದ ಹಿಂದಿನ ಮಾತು. ಪುಣೆಯಲ್ಲಿ ಒಂದು ಇನ್ಶೂರೆನ್ಸ್ ಪ್ರಾಜೆಕ್ಟಿಗೆ ನಾನು ಲೀಡ್. ತಂಡದಲ್ಲಿ 14 ಜನ. ಹಳೆ ಮೇನ್‌ಫ್ರೇಮ್ ಸಿಸ್ಟಮ್ಮಿನ ಪಾಲಿಸಿಗಳನ್ನೆಲ್ಲ ಹೊಸದಕ್ಕೆ ಸಾಗಿಸುವ ಕೆಲಸ. ಡೆಡ್‌ಲೈನಿಗೆ ಎರಡೂವರೆ ತಿಂಗಳಿರುವಾಗ ನನಗೆ ಗೊತ್ತಾಯ್ತು, ಇದು ಆಗಲ್ಲ ಅಂತ. ಲೆಕ್ಕ ಹಾಕಿದೆ, ಆರು ವಾರ ತಡ ಆಗುತ್ತೆ. ಮೀಟಿಂಗಿನಲ್ಲಿ ಧೈರ್ಯ ಮಾಡಿ ಹೇಳಿದೆ. ಮೇಲಿನವರು ಐದು ನಿಮಿಷ ಸುಮ್ಮನಿದ್ದು, 'ಎಂಟು ಜನ ಕೊಡ್ತೀನಿ, ಡೇಟ್ ಮಾತ್ರ ಜರುಗಬಾರದು' ಅಂದ್ರು. ನಾನು ಏನು ಹೇಳಿದೆ ಗೊತ್ತಾ? 'ಥ್ಯಾಂಕ್ಯೂ ಸರ್' ಅಂದೆ.

ಆ ಥ್ಯಾಂಕ್ಯೂ ಇವತ್ತಿಗೂ ನನ್ನ ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿದೆ. ಯಾಕಂದ್ರೆ ಅದೇ ತಪ್ಪನ್ನ ನನಗಿಂತ ಸಾವಿರ ಪಟ್ಟು ಬುದ್ಧಿವಂತನಾದ ಒಬ್ಬ ಮನುಷ್ಯ ಐವತ್ತು ವರ್ಷದ ಹಿಂದೆಯೇ ಮಾಡಿ, ಒಪ್ಪಿಕೊಂಡು, ಪುಸ್ತಕವನ್ನೂ ಬರೆದಿದ್ದ. ಆ ಪುಸ್ತಕ ನಮ್ಮ ಆಫೀಸಿನ ಲೈಬ್ರರಿಯಲ್ಲೇ ಇತ್ತು. ಅವನ ಕಥೆ ಇದು.

ಹೆಸರು ಫ್ರೆಡ್ ಬ್ರೂಕ್ಸ್. ಹುಟ್ಟಿದ್ದು 1931ರಲ್ಲಿ, ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ. ಹಾರ್ವರ್ಡ್‌ನಲ್ಲಿ ಹೋವರ್ಡ್ ಐಕನ್ ಕೈಕೆಳಗೆ ಪಿಎಚ್‌ಡಿ ಮಾಡಿ 1956ರಲ್ಲಿ ಐಬಿಎಂ ಸೇರಿದ. ಆ ಕಾಲದ ಐಬಿಎಂ ಹೇಗಿತ್ತು ಅಂದ್ರೆ, ಒಂದೇ ಮನೆಯಲ್ಲಿ ಐದಾರು ಒಲೆ. ಸಣ್ಣ ವ್ಯಾಪಾರದವರಿಗೆ 1401 ಅನ್ನೋ ಯಂತ್ರ, ವಿಜ್ಞಾನಿಗಳಿಗೆ 7090, ಹೀಗೆ ಬೇರೆ ಬೇರೆ. ಒಂದಕ್ಕೆ ಬರೆದ ಪ್ರೋಗ್ರಾಂ ಇನ್ನೊಂದರಲ್ಲಿ ಓಡ್ತಿರಲಿಲ್ಲ. ಗಿರಾಕಿ ದೊಡ್ಡ ಯಂತ್ರ ತಗೊಂಡ್ರೆ ಎಲ್ಲ ಪ್ರೋಗ್ರಾಂ ಮತ್ತೆ ಬರೀಬೇಕು. ಹಾಗೆ ಮತ್ತೆ ಬರೆಯೋದೇ ಆದ್ರೆ ಐಬಿಎಂ ಬಿಟ್ಟು ಬೇರೆ ಕಂಪನಿ ಯಂತ್ರವನ್ನೇ ತಗೋಬಹುದಲ್ಲ?

ಬ್ರೂಕ್ಸ್ ಆಗ 8000 ಸೀರೀಸ್ ಅಂತ ಒಂದು ಹೊಸ ಯಂತ್ರಗಳ ಸಾಲನ್ನು ಕಟ್ಟುತ್ತಿದ್ದ. 1961ರಲ್ಲಿ ಬಾಬ್ ಎವನ್ಸ್ ಅನ್ನೋ ಮೇಲಧಿಕಾರಿ ಬಂದು, ಇದು ಬೇಡ, ಇಡೀ ಕಂಪನಿಗೆ ಒಂದೇ ಸಾಲಿನ ಯಂತ್ರ ಬೇಕು ಅಂದ. ಬ್ರೂಕ್ಸ್ ತಿಂಗಳುಗಟ್ಟಲೆ ಅವನ ಜೊತೆ ಜಗಳ ಆಡಿದ, ಸೋತ. 8000 ಸೀರೀಸ್ ಸತ್ತಿತು. ಇನ್ನು ತನ್ನ ಕಥೆ ಮುಗೀತು ಅಂತ ಅವನು ಅಂದುಕೊಂಡಿರುವಾಗ, ಅದೇ ಎವನ್ಸ್ ಬಂದು ಹೊಸ ಸಾಲನ್ನು ಕಟ್ಟುವ ಕೆಲಸ ನೀನೇ ನಡೆಸು ಅಂದ. ಅಪ್ರೈಸಲ್ ಸೀಸನ್ನಿನಲ್ಲಿ ಇಂಥ ಮ್ಯಾನೇಜರ್ ಸಿಗೋದು ಯಾರ ಪುಣ್ಯವೋ!

ಆ ವರ್ಷದ ಕೊನೆಯಲ್ಲಿ ಕನೆಕ್ಟಿಕಟ್‌ನ ಒಂದು ಮೋಟೆಲಿನಲ್ಲಿ ಒಂದು ಸಮಿತಿಯನ್ನು ಕೂಡಿಹಾಕಿ ಯೋಜನೆ ಬರೆಸಿದ್ರು. ಡಿಸೆಂಬರ್ 1961ಕ್ಕೆ ವರದಿ ಸಿದ್ಧ. ಅಲ್ಲಿಂದ ಹುಟ್ಟಿದ್ದು ಸಿಸ್ಟಮ್/360. ಚಿಕ್ಕ ಯಂತ್ರದಿಂದ ದೊಡ್ಡ ಯಂತ್ರದವರೆಗೆ ಒಂದೇ ಸೂಚನೆಗಳ ಗುಂಪು. ಜೀನ್ ಆಮ್ಡಾಲ್, ಗೆರಿಟ್ ಬ್ಲಾವ್, ಬ್ರೂಕ್ಸ್ ಇವರು ಅದರ ಶಿಲ್ಪಿಗಳು. ಒಂದು ಬೈಟ್‌ಗೆ ಆರು ಬಿಟ್ ಸಾಕೋ ಎಂಟು ಬೇಕೋ ಅನ್ನೋ ಜಗಳ ಬಂದಾಗ ಎಂಟು ಅಂತ ತೀರ್ಪು ಕೊಟ್ಟವನು ಬ್ರೂಕ್ಸ್. ನಾವಿವತ್ತು ಬೈಟ್ ಅಂದ ಕೂಡಲೇ ಎಂಟು ಅಂತೀವಲ್ಲ, ಅದು ಗಟ್ಟಿಯಾಗಿ ನಿಂತದ್ದು ಆ ಯಂತ್ರದಿಂದ. ಇಡೀ ಯೋಜನೆಗೆ ಸುಮಾರು 500 ಕೋಟಿ ಡಾಲರ್ ಖರ್ಚಾಯ್ತು ಅಂತ 1966ರಲ್ಲಿ ಫಾರ್ಚೂನ್ ಪತ್ರಿಕೆ ಬರೆಯಿತು. ಏಪ್ರಿಲ್ 7, 1964ರಂದು ಆರು ಮಾಡೆಲ್‌ಗಳನ್ನು ಒಟ್ಟಿಗೆ ಘೋಷಿಸಿದ್ರು. ಹಾರ್ಡ್‌ವೇರ್ ವಿಷಯದಲ್ಲಿ ಬ್ರೂಕ್ಸ್ ಗೆದ್ದಿದ್ದ.

ನಮಗೆ ಬೇಕಾದ ಕಥೆ ಇಲ್ಲಿಂದ ಮುಂದೆ.

ಯಂತ್ರ ಘೋಷಣೆ ಆಯ್ತು. ಅದರ ಮೇಲೆ ಓಡಬೇಕಾದ ಆಪರೇಟಿಂಗ್ ಸಿಸ್ಟಮ್, ಅಂದರೆ ಓಎಸ್/360, ಇನ್ನೂ ಕಾಗದದ ಮೇಲಿತ್ತು. ಗಿರಾಕಿಗಳಿಗೆ ಮಾತು ಕೊಟ್ಟಾಗಿದೆ. ಬ್ರೂಕ್ಸ್ ಅಷ್ಟೊತ್ತಿಗೆ ಐಬಿಎಂ ಬಿಟ್ಟು ಚಾಪೆಲ್ ಹಿಲ್‌ನ ಯೂನಿವರ್ಸಿಟಿಗೆ ಪಾಠ ಮಾಡಲು ಹೋಗುವುದೆಂದು ಮಾತಾಗಿತ್ತು. ಸಾಫ್ಟ್‌ವೇರ್ ತೊಂದರೆಯಲ್ಲಿದೆ, ಒಂದು ವರ್ಷ ನಿಲ್ಲು ಅಂದ್ರು. ನಿಂತ. 1964 ಮತ್ತು 65ರಲ್ಲಿ ಓಎಸ್/360ಕ್ಕೆ ಅವನೇ ಯಜಮಾನ. ವಯಸ್ಸು 33. ನನ್ನ ತಂಡದ ಜವಾಬ್ದಾರಿ ಬಂದಾಗ ನನಗೂ ಹತ್ತಿರ ಹತ್ತಿರ ಅಷ್ಟೇ. ನನಗೆ 14 ಜನ. ಅವನ ಕೈಕೆಳಗೆ ಕೆಲಸ ತುತ್ತತುದಿಯಲ್ಲಿದ್ದಾಗ ಸಾವಿರಕ್ಕೂ ಹೆಚ್ಚು ಜನ. ಎಲ್ಲರೂ ಪ್ರೋಗ್ರಾಮರ್‌ಗಳಲ್ಲ. ಕೈಪಿಡಿ ಬರೆಯುವವರು, ಆಪರೇಟರ್‌ಗಳು, ಗುಮಾಸ್ತರು, ಮ್ಯಾನೇಜರ್‌ಗಳು ಎಲ್ಲ ಸೇರಿ. ಕೆಲವರು ಪೌಕೀಪ್ಸಿಯಲ್ಲಿ, ಕೆಲವರು ನ್ಯೂಯಾರ್ಕ್ ನಗರದಲ್ಲಿ, ಪಿಎಲ್/ಒನ್ ಕಂಪೈಲರ್‌ನವರು ಇಂಗ್ಲೆಂಡಿನ ಹರ್ಸ್ಲಿಯಲ್ಲಿ. ಝೂಮ್ ಇಲ್ಲ, ಇಮೇಲ್ ಇಲ್ಲ.

ಅವನು ಎದುರಿಸಿದ ಮೊದಲ ದೊಡ್ಡ ಇಕ್ಕಟ್ಟು ನೋಡಿ. ಸಿಸ್ಟಮ್ ಹೊರಗಿನಿಂದ ಹೇಗೆ ಕಾಣಬೇಕು, ಹೇಗೆ ನಡೆದುಕೊಳ್ಳಬೇಕು ಅನ್ನೋ ವಿವರಣೆ, ನಾವು ಸ್ಪೆಕ್ ಅಂತೀವಲ್ಲ ಅದು, ಇನ್ನೂ ಬರೆದಿಲ್ಲ. ಆರ್ಕಿಟೆಕ್ಚರ್ ಮ್ಯಾನೇಜರ್ ಹತ್ತಿರ ಹತ್ತು ಜನ ನುರಿತವರಿದ್ರು. ಅವನು ಹೇಳಿದ: ನಾವು ಚೆನ್ನಾಗಿ ಬರೆದುಕೊಡ್ತೀವಿ, ಆದ್ರೆ ಹತ್ತು ತಿಂಗಳು ಬೇಕು. ಶೆಡ್ಯೂಲ್‌ನಲ್ಲಿ ಇದ್ದದ್ದು ಏಳು. ಇನ್ನೊಂದು ಕಡೆ ಕಂಟ್ರೋಲ್ ಪ್ರೋಗ್ರಾಂ ಮ್ಯಾನೇಜರ್ ಹತ್ತಿರ 150 ಜನ. ಅವನು ಹೇಳಿದ: ನಮಗೆ ಕೊಡಿ, ಏಳೇ ತಿಂಗಳಲ್ಲಿ ಬರೀತೀವಿ, ಕೊಡದಿದ್ರೆ ನನ್ನ 150 ಜನ ಹತ್ತು ತಿಂಗಳು ಕೈಕಟ್ಟಿ ಕೂತಿರ್ತಾರೆ. ಆರ್ಕಿಟೆಕ್ಚರ್‌ನವನು ಎಚ್ಚರಿಸಿದ: ಅವರಿಗೆ ಕೊಟ್ಟರೂ ಏಳು ತಿಂಗಳಲ್ಲಿ ಆಗಲ್ಲ, ಅದೂ ಮೂರು ತಿಂಗಳು ತಡವೇ ಆಗುತ್ತೆ, ಮೇಲಾಗಿ ಕೆಲಸ ಕೆಡುತ್ತೆ ಅಂತ.

ಈಗ ನೀವೇ ಹೇಳಿ, ಮ್ಯಾನೇಜರ್ ಕುರ್ಚಿಯಲ್ಲಿ ಕೂತವರು ಯಾರಾದ್ರೂ 150 ಜನರನ್ನ ಬೆಂಚ್‌ನಲ್ಲಿ ಕೂರಿಸ್ತಾರಾ? ಯುಟಿಲೈಸೇಶನ್ ರಿಪೋರ್ಟ್ ಏನಾಗಬೇಕು? ಬ್ರೂಕ್ಸ್ ಕೂಡ ಕೂರಿಸಲಿಲ್ಲ. 150 ಜನರಿಗೇ ಕೊಟ್ಟ. ಆರ್ಕಿಟೆಕ್ಚರ್‌ನವನು ಹೇಳಿದ ಹಾಗೇ ಆಯ್ತು, ಅಕ್ಷರಶಃ. ಮೂರು ತಿಂಗಳು ತಡ. ಬಂದ ಸ್ಪೆಕ್ ಕಲಸುಮೇಲೋಗರ. ಒಬ್ಬೊಬ್ಬ ಒಂದೊಂದು ಯೋಚನೆ ತುರುಕಿದ್ದ. ಆ ಒಂದು ತೀರ್ಮಾನದಿಂದ ಆಮೇಲೆ ತಪ್ಪು ಹುಡುಕುವುದಕ್ಕೇ ಒಂದು ವರ್ಷ ಹೆಚ್ಚು ಹಿಡಿಯಿತು ಅಂತ ಬ್ರೂಕ್ಸ್ ನಂತರ ಅಂದಾಜು ಮಾಡಿದ್ದಾನೆ.

ನನಗೆ ಈ ಪ್ರಸಂಗ ತುಂಬಾ ಇಷ್ಟ, ಯಾಕಂದ್ರೆ ಇಲ್ಲಿ ಯಾರೂ ಕೆಟ್ಟವರಲ್ಲ. 150 ಜನರ ಮ್ಯಾನೇಜರ್ ಪ್ರಾಮಾಣಿಕವಾಗಿಯೇ ಕೇಳಿದ. ಖಾಲಿ ಕೂತ ಜನ ಎಲ್ಲರ ಕಣ್ಣಿಗೂ ಕಾಣ್ತಾರೆ. ಕೆಟ್ಟ ಸ್ಪೆಕ್ ಆರು ತಿಂಗಳವರೆಗೆ ಯಾರ ಕಣ್ಣಿಗೂ ಕಾಣಲ್ಲ.

ಎರಡನೇದು ಕಾಗದದ ಕಥೆ. ಎಲ್ಲ ಪ್ರೋಗ್ರಾಮರ್‌ಗಳಿಗೂ ಸಿಸ್ಟಮ್ಮಿನ ಎಲ್ಲ ಭಾಗವೂ ಗೊತ್ತಿರಬೇಕು ಅನ್ನೋದು ಬ್ರೂಕ್ಸ್‌ನ ನಂಬಿಕೆ. ಹಾಗಾಗಿ ಒಂದು ಪ್ರಾಜೆಕ್ಟ್ ವರ್ಕ್‌ಬುಕ್, ಪ್ರತಿಯೊಬ್ಬರ ಮೇಜಿಗೂ ಒಂದು ಪ್ರತಿ. ಆರು ತಿಂಗಳಲ್ಲಿ ಆ ವರ್ಕ್‌ಬುಕ್ ಐದು ಅಡಿ ದಪ್ಪ ಆಯ್ತು. ಮ್ಯಾನ್‌ಹಟನ್‌ನ ಟೈಮ್-ಲೈಫ್ ಕಟ್ಟಡದ ಆಫೀಸಿನಲ್ಲೇ ನೂರು ಪ್ರತಿ ಇದ್ದವು. ಒಂದರ ಮೇಲೊಂದು ಇಟ್ಟರೆ 500 ಅಡಿ. ವಿಜಯಪುರದ ಗೋಳಗುಮ್ಮಟ ಸುಮಾರು 51 ಮೀಟರ್. ಮೂರು ಗುಮ್ಮಟ ಒಂದರ ತಲೆ ಮೇಲೊಂದು ನಿಲ್ಲಿಸಿದ ಹಾಗೆ. ದಿನಾ ಸುಮಾರು 150 ಪುಟದ ಬದಲಾವಣೆ ಬರ್ತಿತ್ತು. ಬೆಳಗ್ಗೆ ಬಂದವರ ಮೊದಲ ಕೆಲಸ, ಹಳೆ ಹಾಳೆ ಕಿತ್ತು ಹೊಸ ಹಾಳೆ ಸೇರಿಸೋದು. ಕೊನೆಗೆ ಮೈಕ್ರೋಫಿಷ್‌ಗೆ ಹೋದ್ರು, ದುಡ್ಡೂ ಜಾಗವೂ ಉಳೀತು. ನಮ್ಮ ಕಾನ್‌ಫ್ಲುಯೆನ್ಸ್ ಪೇಜ್‌ಗಳು ದಪ್ಪ ಕಾಣಿಸಲ್ಲ, ಅಷ್ಟೇ ವ್ಯತ್ಯಾಸ.

ಇದರಲ್ಲಿ ಒಂದು ಸ್ವಾರಸ್ಯ ಇದೆ. ಡೇವಿಡ್ ಪಾರ್ನಾಸ್ ಅನ್ನೋ ವಿಜ್ಞಾನಿ 1970ರ ದಶಕದ ಆರಂಭದಲ್ಲೇ ಇದಕ್ಕೆ ಉಲ್ಟಾ ಹೇಳಿದ್ದ: ಒಬ್ಬರ ಮಾಡ್ಯೂಲ್ ಒಳಗೆ ಏನಿದೆ ಅಂತ ಇನ್ನೊಬ್ಬರಿಗೆ ಕಾಣದ ಹಾಗೆ ಮುಚ್ಚಿಡಿ ಅಂತ. ಬ್ರೂಕ್ಸ್ ತನ್ನ 1975ರ ಪುಸ್ತಕದಲ್ಲಿ ಅದನ್ನ ಒಪ್ಪಲಿಲ್ಲ. ಇಪ್ಪತ್ತು ವರ್ಷ ಆದ ಮೇಲೆ, 1995ರ ಆವೃತ್ತಿಯಲ್ಲಿ, ಪಾರ್ನಾಸ್ ಸರಿ, ನಾನು ತಪ್ಪು ಅಂತ ನೇರವಾಗಿ ಅಚ್ಚು ಹಾಕಿಸಿದ. ನಮ್ಮಲ್ಲಿ ರೆಟ್ರೋಸ್ಪೆಕ್ಟಿವ್ ಮೀಟಿಂಗಲ್ಲಿ 'ಕಮ್ಯುನಿಕೇಶನ್ ಗ್ಯಾಪ್ ಇತ್ತು' ಅನ್ನೋದಕ್ಕಿಂತ ಮುಂದೆ ಯಾರ ಬಾಯಿಂದಲೂ ಬರಲ್ಲ. ನನ್ನ ಬಾಯಿಂದಲೂ ಬಂದಿರಲಿಲ್ಲ.

ಮೂರನೇದು ಮೆಮೊರಿ. ಆಗ ಮೆಮೊರಿ ಚಿನ್ನದ ಬೆಲೆ. ಹಾಗಾಗಿ ಪ್ರತಿ ತಂಡಕ್ಕೂ ಇಷ್ಟೇ ಮೆಮೊರಿ ಅಂತ ಪಡಿತರ ಹಂಚಿದ್ರು. ತಂಡಗಳು ಏನು ಮಾಡಿದ್ವು? ತಮ್ಮ ಪಾಲಿಗೆ ಹಿಡಿಸದ ಕೋಡನ್ನ ತುಂಡು ಮಾಡಿ ಡಿಸ್ಕಿಗೆ ತಳ್ಳಿದ್ವು, ಬೇಕಾದಾಗ ಎಳೆದುಕೊಂಡರಾಯ್ತು ಅಂತ. ಮೆಮೊರಿಗೆ ಲೆಕ್ಕ ಇತ್ತು, ಡಿಸ್ಕಿಗೆ ಎಷ್ಟು ಸಲ ಓಡಬಹುದು ಅನ್ನೋದಕ್ಕೆ ಲೆಕ್ಕ ಇರಲಿಲ್ಲ. ಎಲ್ಲರೂ ತಮ್ಮ ತಮ್ಮ ಟಾರ್ಗೆಟ್ ಮುಟ್ಟಿದ್ರು, ಪಾಪ. ಸಿಮ್ಯುಲೇಟರ್‌ನಲ್ಲಿ ಓಡಿಸಿ ನೋಡಿದಾಗ ಫೋರ್ಟ್ರಾನ್ ಕಂಪೈಲರ್ ನಿಮಿಷಕ್ಕೆ ಐದೇ ಐದು ಸಾಲು ಕಂಪೈಲ್ ಮಾಡುತ್ತೆ ಅಂತ ಬಂತು. ಕೈಯಲ್ಲಿ ಬರೆದರೂ ಅದಕ್ಕಿಂತ ಬೇಗ. ಮತ್ತೆ ಎಲ್ಲ ಬಿಚ್ಚಿ ಕಟ್ಟಬೇಕಾಯ್ತು.

ಜೆಸಿಎಲ್ ಬಗ್ಗೆ ಹೇಳದೆ ಮುಂದೆ ಹೋದ್ರೆ ಮೇನ್‌ಫ್ರೇಮ್ ಬಳಗ ನನ್ನ ಕ್ಷಮಿಸಲ್ಲ. ವೈಟುಕೆ ಕಾಲದಿಂದ ಮೊನ್ನೆಮೊನ್ನೆಯವರೆಗೆ ಚೆನ್ನೈ, ಮುಂಬೈ, ಹೈದರಾಬಾದಿಗೆ ಬಂದ ಎಷ್ಟೋ ಕನ್ನಡದ ಹುಡುಗರು ಅನ್ನ ತಿಂದದ್ದು ಆ ಎರಡು ಓರೆಗೆರೆಯಿಂದ ಶುರುವಾಗುವ ಸಾಲುಗಳನ್ನ ಬರೆದು. ನಾನೂ ಅವರಲ್ಲೊಬ್ಬ. ರಾತ್ರಿ ಪಾಳಿಯಲ್ಲಿ ಬ್ಯಾಚ್ ಜಾಬ್ ಬಿದ್ದು ಸ್ಕ್ರೀನಿನ ಮೇಲೆ ಎಸ್-ಝೀರೋ-ಸಿ-ಸೆವೆನ್ ಅಂತ ಬಂದರೆ ಹೊಟ್ಟೆ ತಣ್ಣಗಾಗ್ತಿತ್ತು. ಆ ಜೆಸಿಎಲ್ ಹುಟ್ಟಿದ್ದು ಓಎಸ್/360ರಲ್ಲೇ. ಅದು ಪ್ರಪಂಚದಲ್ಲೇ ಅತ್ಯಂತ ಕೆಟ್ಟ ಪ್ರೋಗ್ರಾಮಿಂಗ್ ಭಾಷೆ, ನನ್ನ ಮೇಲ್ವಿಚಾರಣೆಯಲ್ಲೇ ಆದದ್ದು ಅನ್ನುವ ಅರ್ಥದ ಮಾತನ್ನ ಬ್ರೂಕ್ಸ್ ವಯಸ್ಸಾದ ಮೇಲೆ ಹೇಳಿಕೊಂಡಿದ್ದಾನೆ. ಕಾರಣವನ್ನೂ ಕೊಟ್ಟ: ಅದನ್ನ ಒಂದು ಭಾಷೆ ಅಂತ ಯಾರೂ ಅಂದುಕೊಂಡೇ ಇರಲಿಲ್ಲ, ಕೆಲಸದ ಮುಂದೆ ಇಡುವ ನಾಲ್ಕು ಕಂಟ್ರೋಲ್ ಕಾರ್ಡ್ ಅಂದುಕೊಂಡಿದ್ರು. ಭಾಷೆ ಅಂತ ಗೊತ್ತಿದ್ದರೆ ವಿನ್ಯಾಸ ಮಾಡ್ತಿದ್ರು. ಇನ್ನೊಂದು ತಮಾಷೆ, ಐಇಎಫ್‌ಬಿಆರ್14 ಅಂತ ಏನೂ ಮಾಡದ ಒಂದು ಪ್ರೋಗ್ರಾಂ ಇದೆ, ಬಂದ ದಾರಿಗೆ ಸುಂಕವಿಲ್ಲ ಅಂತ ವಾಪಸ್ ಹೋಗೋದಷ್ಟೇ ಅದರ ಕೆಲಸ. ಅದರಲ್ಲೂ ಬಗ್ ಇತ್ತು! ಹೋಗುವಾಗ ರಿಟರ್ನ್ ಕೋಡ್ ಸೊನ್ನೆ ಮಾಡೋದು ಮರೆತಿದ್ರು.

ಒಟ್ಟಿನಲ್ಲಿ ಓಎಸ್/360 ತಡವಾಯ್ತು. ಸಣ್ಣ ಯಂತ್ರಗಳಲ್ಲಿ ಅದು ಹಿಡಿಸೋದೂ ಇಲ್ಲ ಅಂತಾಯ್ತು, ಅದಕ್ಕೆ ಡಾಸ್/360 ಅಂತ ತಾತ್ಕಾಲಿಕ ಗಂಜಿ ಬೇಯಿಸಿ ಬಡಿಸಿದ್ರು. (ಆ ಗಂಜಿಯನ್ನೇ ಗಿರಾಕಿಗಳು ದಶಕಗಳ ಕಾಲ ಉಂಡರು, ಅದು ಬೇರೆ ಮಾತು.) ಓಎಸ್/360ರ ಮೊದಲ ಬಿಡುಗಡೆ 1966ರಲ್ಲಿ, ಅದೂ ಒಂದು ಹೊತ್ತಿಗೆ ಒಂದೇ ಕೆಲಸ ನಡೆಸುವ ರೂಪ. ಹಲವು ಕೆಲಸ ಒಟ್ಟಿಗೆ ನಡೆಸುವ ಎಂವಿಟಿ ಬಂದದ್ದು 1967ರಲ್ಲಿ. 1963ರಿಂದ 66ರವರೆಗೆ ಸುಮಾರು 5000 ಮ್ಯಾನ್-ಇಯರ್ ಇದಕ್ಕೆ ಸುರಿದರು ಅಂತ ಬ್ರೂಕ್ಸ್ ಅಂದಾಜು. ಖರ್ಚು ಸುಮಾರು 50 ಕೋಟಿ ಡಾಲರ್. ಈ ಒತ್ತಡದಲ್ಲಿ ಮನೆಗಳೂ ಒಡೆದವು. ಅಧ್ಯಕ್ಷ ಥಾಮಸ್ ವಾಟ್ಸನ್ ಜೂನಿಯರ್ ತನ್ನ ಸ್ವಂತ ತಮ್ಮನಿಗೇ 360ರ ಎಂಜಿನಿಯರಿಂಗ್ ಮತ್ತು ತಯಾರಿಕೆ ವಹಿಸಿದ್ದ, ತಡ ಆದಾಗ ಅವನನ್ನ ಪಕ್ಕಕ್ಕೆ ಸರಿಸಿದ. ಆ ಪಶ್ಚಾತ್ತಾಪ ಅಣ್ಣನ ಆತ್ಮಕಥೆಯಲ್ಲಿ ಎದ್ದು ಕಾಣುತ್ತೆ.

ಆದರೂ ಸಿಸ್ಟಮ್/360 ಗೆದ್ದಿತು, ಭರ್ಜರಿಯಾಗಿ. ಇವತ್ತಿನ ಝಡ್/ಓಎಸ್ ಅದೇ ವಂಶದ ಕುಡಿ. ಇಲ್ಲಿ ನನಗೆ ಬ್ರೂಕ್ಸ್ ಜೊತೆ ಸಣ್ಣ ತಕರಾರೂ ಇದೆ. ಅವನ ಪುಸ್ತಕ ಓದಿದವರು ಓಎಸ್/360 ಸೋತ ಪ್ರಾಜೆಕ್ಟ್ ಅಂದುಕೊಳ್ತಾರೆ. ತಡವಾಗಿ, ದುಬಾರಿಯಾಗಿ, ಆದ್ರೆ ನಿಂತಿತು. ನಾವು ಮಾಡಿದ ಎಷ್ಟು ಪ್ರಾಜೆಕ್ಟ್ ಐದು ವರ್ಷ ಬದುಕಿವೆ?

ಬ್ರೂಕ್ಸ್ 1965ರಲ್ಲಿ, ಮೊದಲೇ ಮಾತಾದ ಹಾಗೆ, ಚಾಪೆಲ್ ಹಿಲ್‌ಗೆ ಹೊರಟ. ಹೊರಡುವಾಗ ವಾಟ್ಸನ್ ಕೇಳಿದ: ಹಾರ್ಡ್‌ವೇರನ್ನೂ ನಡೆಸಿದ್ದೀಯ, ಸಾಫ್ಟ್‌ವೇರನ್ನೂ ನಡೆಸಿದ್ದೀಯ, ಸಾಫ್ಟ್‌ವೇರ್ ನಡೆಸೋದು ಯಾಕೆ ಅಷ್ಟು ಕಷ್ಟ? ಬ್ರೂಕ್ಸ್‌ಗೆ ಅಲ್ಲಿ ಸರಿಯಾದ ಉತ್ತರ ಹೊಳೆಯಲಿಲ್ಲ. ಹತ್ತು ವರ್ಷ ಯೋಚಿಸಿ 1975ರಲ್ಲಿ ದಿ ಮಿಥಿಕಲ್ ಮ್ಯಾನ್-ಮಂತ್ ಬರೆದ. ಆ ಪ್ರಶ್ನೆಗೆ ತಡವಾದ ಉತ್ತರ ಅಂತ ಅವನೇ ಮುನ್ನುಡಿಯಲ್ಲಿ ಒಪ್ಪಿದ್ದಾನೆ. ಉತ್ತರವೂ ಡೆಡ್‌ಲೈನ್ ದಾಟಿ ಬಂತು ಅನ್ನಿ.

ತಡವಾದ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತೆ ಅನ್ನೋ ಬ್ರೂಕ್ಸ್ ನಿಯಮ ನಿಮಗೆಲ್ಲ ಗೊತ್ತಿರುತ್ತೆ. ಟೀ-ಶರ್ಟ್ ಮೇಲೂ ಬಂದಿದೆ. ಯಾಕೆ ಅನ್ನೋದು ಮಾತ್ರ ಮರೀತೀವಿ. ದೋಸೆ ಹಿಟ್ಟು ಹುಳಿ ಬರೋಕೆ ಒಂದು ರಾತ್ರಿ ಬೇಕು. ಪಾತ್ರೆ ಸುತ್ತ ಹತ್ತು ಜನ ಕಾವಲು ಕೂತರೂ ಒಂದು ರಾತ್ರಿಯೇ. ಕೆಲವು ಕೆಲಸ ಹಾಗೆ, ಹಂಚೋಕೆ ಬರಲ್ಲ. ಹಂಚೋಕೆ ಬರೋ ಕೆಲಸದಲ್ಲೂ, ಹೊಸಬರಿಗೆ ಕಲಿಸಬೇಕಾದವರು ಹಳಬರೇ, ಅಂದರೆ ಕೆಲಸ ಮಾಡ್ತಿರೋ ಕೈಗಳೇ. ಮೇಲೆ ಮಾತುಕತೆಯ ಲೆಕ್ಕ. 14 ಜನ ಇದ್ದರೆ ಇಬ್ಬಿಬ್ಬರ ನಡುವಿನ ದಾರಿಗಳು 91. ಎಂಟು ಜನ ಸೇರಿ 22 ಆದರೆ 231. ಜನ ಒಂದೂವರೆ ಪಟ್ಟು, ದಾರಿ ಎರಡೂವರೆ ಪಟ್ಟು. ಬ್ರೂಕ್ಸ್‌ನ ಇನ್ನೊಂದು ಲೆಕ್ಕ ನನಗೆ ಇನ್ನೂ ನೋವು ಕೊಡೋದು: ಒಟ್ಟು ಸಮಯದಲ್ಲಿ ಕೋಡಿಂಗಿಗೆ ಆರನೇ ಒಂದು ಭಾಗ ಮಾತ್ರ ಇಡಿ, ಅರ್ಧ ಸಮಯ ಟೆಸ್ಟಿಂಗಿಗೇ ಇಡಿ ಅಂತ. ನಮ್ಮ ಪ್ಲ್ಯಾನಿನಲ್ಲಿ ಟೆಸ್ಟಿಂಗಿಗೆ ಇದ್ದದ್ದು ಮೂರು ವಾರ. ಆ ಪ್ಲ್ಯಾನ್ ಮಾಡಿದವನು ನಾನೇ.

ಪುಣೆಗೆ ವಾಪಸ್ ಬರೋಣ. ಎಂಟು ಜನ ಬಂದ್ರು, ಒಳ್ಳೆ ಹುಡುಗರೇ. ಅವರಿಗೆ ಹಳೆ ಸಿಸ್ಟಮ್ ಅರ್ಥ ಮಾಡಿಸೋಕೆ ನಾನು ಆರಿಸಿದ್ದು ನನ್ನ ತಂಡದ ಇಬ್ಬರು ಗಟ್ಟಿ ಆಳುಗಳನ್ನ. ಅದರಲ್ಲಿ ಒಬ್ಬಳು ಧಾರವಾಡದವಳು. ಪ್ರೀಮಿಯಂ ಲೆಕ್ಕದ ಮಾಡ್ಯೂಲ್ ಪೂರ್ತಿ ಅವಳ ತಲೆಯಲ್ಲಿತ್ತು. ಹಗಲು ಕಲಿಸೋದು, ರಾತ್ರಿ ತನ್ನ ಕೋಡ್. ನಾಲ್ಕನೇ ವಾರದಲ್ಲಿ ಹೊಸಬರ ಕೋಡ್ ಸೇರಿಸಿದಾಗ ಹಳೇದು ಮುರೀತು. ಅವಳ ಅಕ್ಕನ ಮದುವೆಗೆ ಮೊದಲೇ ಮಂಜೂರಾಗಿದ್ದ ಐದು ದಿನದ ರಜೆಯನ್ನ ನಾನು ಎರಡು ದಿನಕ್ಕೆ ಇಳಿಸಿದೆ. ಅರಿಶಿನದ ಶಾಸ್ತ್ರದ ದಿನ ಅವಳು ಕಾಲ್‌ನಲ್ಲಿದ್ದಳು. ಹಿಂದೆ ಮನೆಯವರ ಗದ್ದಲ ಕೇಳ್ತಿತ್ತು, ನಾನು 'ಸ್ವಲ್ಪ ಮ್ಯೂಟ್ ಮಾಡು' ಅಂದೆ. ರಿಲೀಸ್ ಹೋದದ್ದು ಹನ್ನೊಂದು ವಾರ ತಡವಾಗಿ. ನಾನು ಮೊದಲು ಹೇಳಿದ್ದು ಆರು. ಎಂಟು ಜನ ಬರದಿದ್ದರೆ ಆರರಲ್ಲೇ ಮುಗೀತಿತ್ತು ಅಂತ ಪ್ರಮಾಣ ಮಾಡಲಾರೆ, ನನ್ನ ಲೆಕ್ಕವೂ ತಪ್ಪಿರಬಹುದು. ಆದರೆ ಆ ರಜೆ ಕತ್ತರಿಸಿದ್ದು ಡೆಡ್‌ಲೈನ್ ಅಲ್ಲ, ನಾನು.

ಅವಳು ಆ ವರ್ಷವೇ ಕಂಪನಿ ಬಿಟ್ಟಳು. ಹೋಗುವಾಗ ಜಗಳ ಏನೂ ಆಡಲಿಲ್ಲ.

ಬ್ರೂಕ್ಸ್ ತೀರಿಕೊಂಡದ್ದು 2022ರ ನವೆಂಬರ್ 17ರಂದು. ಆ ಸುದ್ದಿ ಬಂದ ದಿನ ನಾನು ಅವಳಿಗೆ ಮೆಸೇಜ್ ಮಾಡಿದೆ, ಇಷ್ಟು ವರ್ಷ ಆದಮೇಲೆ, ಅವತ್ತು ನನ್ನಿಂದ ತಪ್ಪಾಯ್ತು ಅಂತ. ಮೂರು ದಿನ ಉತ್ತರ ಇಲ್ಲ. ಆಮೇಲೆ ಫೋನ್ ಬಂತು. ಈಗ ಹೈದರಾಬಾದಿನಲ್ಲಿ ಅವಳೇ ಒಂದು ತಂಡದ ಲೀಡ್. ಮದುವೆ ಮಾತು ಎತ್ತಲೇ ಇಲ್ಲ. 'ಸರ್, ನನಗೆ ನಾಲ್ಕು ಜನ ಕೊಡ್ತೀವಿ ಅಂತಿದಾರೆ, ತಗೋಬೇಕಾ ಬೇಡ್ವಾ?' ಅಂತ ಕೇಳಿದಳು. 'ಪ್ರಾಜೆಕ್ಟ್ ಎಲ್ಲಿದೆ?' ಅಂದೆ. 'ಶುರುವಾಗಿ ಮೂರು ವಾರ ಆಯ್ತು, ಡಿಸೈನ್ ಇನ್ನೂ ಮುಗಿದಿಲ್ಲ' ಅಂದಳು. ಬ್ರೂಕ್ಸ್ 1995ರ ಆವೃತ್ತಿಯಲ್ಲಿ ತನ್ನ ನಿಯಮವನ್ನೇ ಮತ್ತೆ ಪರೀಕ್ಷೆಗೆ ಹಚ್ಚಿ, ಜನ ಸೇರಿಸಲೇಬೇಕಾದರೆ ಆದಷ್ಟು ಮೊದಲೇ ಸೇರಿಸೋದು ವಾಸಿ ಅಂತ ಬರೆದದ್ದು ನೆನಪಾಯ್ತು.

'ಇವತ್ತೇ ತಗೋ' ಅಂದೆ. 'ಥ್ಯಾಂಕ್ಯೂ ಸರ್' ಅಂದಳು.